ಕನ್ನಡಿಯ ಪಕ್ಕದ ಗಪ್ಪಿಗಳು

ಎದುರಿನ ಕ್ಷೌರದಂಗಡಿಗೆ ಟಿ.ವಿ. ಬಂದದ್ದೇ ಬಂದದ್ದು, ನಮ್ಮ ಕ್ಷೌರಿಕನ ಕುರ್ಚಿಯಲ್ಲಿ ಕೂರುವವರೇ ಇಲ್ಲವಾದರು. ಅವನು ಕತ್ತರಿಗೆ ಎಣ್ಣೆ ಹಾಕುತ್ತ, ನೊಣಗಳಿಗೆ ಜೊತೆಯಾಗಿ ಕೂತಿದ್ದ. ಹೀಗೇ ನಡೆದರೆ ಬಾಗಿಲು ಮುಚ್ಚುವುದೊಂದೇ ಬಾಕಿ.

"ಟಿ.ವಿ. ಬೇಡ, ಆ ಗದ್ದಲಕ್ಕೆ ನಿಮಗೇ ತಲೆನೋವು. ಮೀನು ಇಡಿ," ಎಂದಳು ಹೆಂಡತಿ. "ನೋಡ್ತಾ ಕೂತವರು ಅಲ್ಲಾಡಲ್ಲ."

ಕನ್ನಡಿಯ ಪಕ್ಕಕ್ಕೆ ಗಾಜಿನ ತೊಟ್ಟಿ ಬಂತು, ಅದರೊಳಗೆ ಗಪ್ಪಿ ಮೀನುಗಳು. ಮೈ ಬೆರಳಿನ ಗೆಣ್ಣಿನಷ್ಟು. ಬಾಲ ಮಾತ್ರ ಗಾಳಿಗೆ ಹಾರುವ ರೇಷ್ಮೆ ಸೆರಗು.

ಮೊದಲು ಬಂದವರು ನಿವೃತ್ತ ಮೇಷ್ಟ್ರು. "ಇವು ಇಲ್ಲಿಯವಲ್ಲ ಕಣಯ್ಯ. ದಕ್ಷಿಣ ಅಮೆರಿಕದ ಹಳ್ಳಕೊಳ್ಳದವು. ಸೊಳ್ಳೆಮರಿ ತಿನ್ನಲಿ ಅಂತ ದೇಶದೇಶಕ್ಕೆ ತಂದು ಬಿಟ್ಟರು. ಬಣ್ಣದ್ದೆಲ್ಲ ಗಂಡು. ಆ ಮಂಕಾಗಿ, ಹೊಟ್ಟೆ ಬಂದಿರೋದು ಹೆಣ್ಣು."

"ಪಾಪ, ಮನೆಗೆಲಸವೆಲ್ಲ ಅವಳ ಮೇಲೇ ಇರಬೇಕು," ಎಂದ ಕ್ಷೌರಿಕ.

ಅಷ್ಟರಲ್ಲಿ ಕೆಂಪು ಗಪ್ಪಿ ಬಲಕ್ಕೆ ತಿರುಗಿತು, ಅದರ ಹಿಂದೆ ಮೇಷ್ಟ್ರ ತಲೆಯೂ ತಿರುಗಿತು, ಕತ್ತರಿ ಕಿವಿಯ ಮೇಲೊಂದು ತುತ್ತು ಹೆಚ್ಚೇ ತಿಂದಿತು. ಕ್ಷೌರಿಕ ಕತ್ತರಿ ಹಿಂದಕ್ಕೆಳೆದ. ಆದರೆ ಮೇಷ್ಟ್ರು ಕನ್ನಡಿ ನೋಡಿದರೆ ತಾನೆ? ತೊಟ್ಟಿಗೆ ಕೈಬೀಸಿ ಎದ್ದು ಹೋದರು. ಹೋದವರು ಬೀದಿಗೆಲ್ಲ ಸುದ್ದಿ ಹಬ್ಬಿಸಿದರು.

ಮಧ್ಯಾಹ್ನದ ಹೊತ್ತಿಗೆ ಬೆಂಚು ತುಂಬಿತು. ಮೀನು ಎಡಕ್ಕೆ ಹೋದರೆ ತಲೆಗಳೆಲ್ಲ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ. ಕುರ್ಚಿಯಲ್ಲಿದ್ದ ತಲೆಯೂ ಅಷ್ಟೇ. ತೊಟ್ಟಿಯನ್ನು ಕನ್ನಡಿಯ ಕೆಳಗಿಟ್ಟರೆ ಗದ್ದ ಎದೆಗೆ ಅಂಟಿತು.

"ಸ್ವಲ್ಪ ತಲೆ ಎತ್ತಿ ಅಣ್ಣ."

"ಇರಪ್ಪ, ನೀಲಿಯದು ಕಲ್ಲಿನ ಹಿಂದೆ ಹೋಗಿದೆ. ಬರ್ಲಿ."

ಆಗ ಬಂದರು ಬ್ಯಾಂಕ್ ಮ್ಯಾನೇಜರ್. ಇವರಿಗೆ ಹಿಡಿಸಿದರೆ ಇಡೀ ಬ್ಯಾಂಕಿನ ತಲೆಗಳು ತನ್ನವೇ. ಕ್ಷೌರಿಕ ಮಗುವಿಗೆ ಸ್ನಾನ ಮಾಡಿಸುವಷ್ಟು ಹುಷಾರಾಗಿ ಅವರ ಕುತ್ತಿಗೆಗೆ ಮಷಿನ್ ಇಟ್ಟ.

"ಅಯ್ಯೋ, ಆ ಮಂಕು ಹೆಣ್ಣು ಮರಿ ಹಾಕ್ತಿದೆ," ಎಂದಿತು ಬೆಂಚು.

"ಮೀನು ಮೊಟ್ಟೆ ಅಲ್ವೇನ್ರೀ ಇಡೋದು?"

"ಇದು ಮರಿನೇ ಹಾಕೋದು. ನೋಡಿ, ಹುಟ್ಟಿದ್ದೇ ತಡ ಈಜ್ತಿದೆ."

ಮ್ಯಾನೇಜರ್ ಸರಕ್ಕನೆ ಮುಂದಕ್ಕೆ ಬಾಗಿದರು. ಮಷಿನ್ ಕುತ್ತಿಗೆಯಿಂದ ನೆತ್ತಿಯವರೆಗೆ ಸಲೀಸಾಗಿ ಏರಿತು. ಬೆಳೆದ ಹುಲ್ಲಿನ ನಡುವೆ ಕಾಲುದಾರಿ ಬಿದ್ದ ಹಾಗೆ. ಕ್ಷೌರಿಕ ಮಷಿನ್ ಬೆನ್ನ ಹಿಂದೆ ಬಚ್ಚಿಟ್ಟ.

"ಎಷ್ಟು ಚೆಂದ," ಎಂದರು ಮ್ಯಾನೇಜರ್, ಕಣ್ಣೊರೆಸಿಕೊಂಡು. "ನಾಳೆ ನಮ್ಮವರನ್ನೆಲ್ಲ ಕಳಿಸ್ತೀನಿ." ಕನ್ನಡಿಯ ಕಡೆ ತಿರುಗಿಯೂ ನೋಡದೆ ಹೋದರು.

ದೊಡ್ಡ ಮೀನುಗಳು ತಿಂದುಬಿಟ್ಟಾವೆಂದು ಕ್ಷೌರಿಕ ಸಂಜೆ ಮರಿಗಳನ್ನು ಲೋಟಕ್ಕೆ ಬಿಡುತ್ತಿದ್ದ. ಎದುರಂಗಡಿಯಲ್ಲೂ ಜನ ಬೀದಿಯವರೆಗೆ ನಿಂತಿದ್ದರು. ಟಿ.ವಿ. ನೋಡ್ತಿರಬೇಕು, ನೋಡ್ಲಿ ಪಾಪ, ಅಂದುಕೊಂಡ. ಇವತ್ತು ಹೊಟ್ಟೆ ಉರಿಯಲಿಲ್ಲ.

ಕತ್ತಲಾಗುವ ಮುಂಚೆ ಎದುರಂಗಡಿಯವನೇ ಒಳಬಂದ. ಕೈಯಲ್ಲಿ ಮೀನಿನ ಆಹಾರದ ದೊಡ್ಡ ಪೊಟ್ಟಣ.

"ಅಣ್ಣ, ಈ ತೊಟ್ಟಿ ಮಾತ್ರ ತೆಗೀಬೇಡ. ಇವುಗಳ ಊಟ ಇನ್ಮೇಲೆ ನಂದು."

"ಯಾಕಪ್ಪ?"

"ಬೆಳಗಿಂದ ನನಗೆ ಕೂರೋಕೆ ಪುರುಸೊತ್ತಿಲ್ಲ. ಇಲ್ಲಿಂದ ಎದ್ದವರೆಲ್ಲ, ಬೀದಿ ಗಾಳಿ ತಾಗಿದ ಕೂಡಲೇ ತಲೆ ಮುಟ್ಟಿ ನೋಡ್ಕೊಂಡು, ಸರಿ ಮಾಡು ಅಂತ ನನ್ನ ಹತ್ರ ಓಡಿ ಬರ್ತಾರೆ. ಮ್ಯಾನೇಜರ್ ಸಾಹೇಬ್ರದಂತೂ ಪೂರ್ತಿ ಬೋಳಿಸಿದೆ. ನಾಳೆ ಬ್ಯಾಂಕಿನವರೆಲ್ಲ ಬರ್ತಾರಂತಣ್ಣ. ಮೀನು ನೋಡೋಕೆ ನಿನ್ನ ಹತ್ರ, ಕ್ಷೌರಕ್ಕೆ ನನ್ನ ಹತ್ರ."