ನಮ್ಮನೆ ರೇಡಿಯೋ ಪುಸ್ತಕದ ಷರಾ ಕಾಲಮ್ಮು

ಇಲ್ಲ ಕಣ್ರೀ, ಕಾಲೇಜು ಫೇಲಾಗಿ ಬಿಟ್ಟಿದ್ದಲ್ಲ. ಪಾಸಾಗೋ ಅಪಾಯ ಕಾಣಿಸ್ತು, ಅದಕ್ಕೆ ಬಿಟ್ಟಿದ್ದು. ನೀವು ಬಾಯಿಬಿಟ್ಟು ಕೇಳಲಿಲ್ಲ, ಸರಿ. ಆದ್ರೆ ಹೊಳೇನರಸೀಪುರದಲ್ಲಿ ನನ್ನ ಮುಖ ನೋಡಿದೋರೆಲ್ಲ ಮನಸ್ಸಲ್ಲೇ ಇದನ್ನ ಕೇಳ್ತಾರೆ. ಅದಕ್ಕೇ ಮೊದಲೇ ಹೇಳ್ಬುಟ್ಟೆ.

ಮೈಸೂರಿಂದ ಕಾಲೇಜು ಬಿಟ್ಟು ಬಂದಾಗ ನನ್ನ ಟ್ರಂಕಲ್ಲಿ ಪುಸ್ತಕ ಇರಲಿಲ್ಲ. ಪಂಚೇಲಿ ಸುತ್ತಿದ ರೇಡಿಯೋ ವಾಲ್ವುಗಳಿದ್ವು, ಬಲ್ಬಿನಂಥ ಗಾಜಿನ ಬುರುಡೆಗಳು. ಹಾಡು ಕೇಳೋ ರೇಡಿಯೋ ಅಲ್ಲ, ಮಾತಾಡೋದು. ನಾವು ಇಲ್ಲಿಂದ ಕೂಗೋದು, ಯಾವ್ದೋ ದೇಶದಲ್ಲಿ ಇಂಥದೇ ಪೆಟ್ಟಿಗೆ ಇಟ್ಕೊಂಡಿರೋ ಇನ್ನೊಬ್ಬ ಹುಚ್ಚ ಅಲ್ಲಿಂದ ಓ ಅನ್ನೋದು. ಲೈಸೆನ್ಸು ತರಿಸ್ಕೊಂಡು ಮುಂದಿನ ಕೋಣೇಲಿ ಸ್ಟೇಷನ್ ಮಾಡ್ದೆ. ಮೂವತ್ತೊಂಬತ್ತರಲ್ಲಿ ಯುದ್ಧ ಶುರುವಾದ್ಮೇಲೆ ಸರ್ಕಾರದೋರು ಬಂದು ಪೆಟ್ಟಿಗೆ ತಗೊಂಡೋದ್ರು. ಕೂಗಿದ್ದರ ಲೆಕ್ಕ ಬರೆದಿಟ್ಟ ಪುಸ್ತಕ ಮಾತ್ರ ಉಳೀತು. ಅದನ್ನ ತೆಗೆದಾಗಲೆಲ್ಲ ನಗು ಬರುತ್ತೆ. ಇಂಥದೊಂದು ಪೆಟ್ಟಿಗೆ ಮನೇಲಿದ್ರೆ ಎಡವಟ್ಟುಗಳು ಸರದಿ ಮೇಲೆ ಬರ್ತವೆ, ನಾವು ಹುಡುಕ್ಕೊಂಡು ಹೋಗ್ಬೇಕಿಲ್ಲ.

ಆದ್ರೆ ಅದೆಲ್ಲ ನಡೆದ ವರ್ಷ ನಮ್ಮನೇಲಿ ಯಾರೂ ನಗೋ ಸ್ಥಿತೀಲಿರಲಿಲ್ಲ. ತಂಗಿಗೆ ಗಂಡು ನೋಡ್ತಿದ್ರು.

೧. ಅರಕಲಗೂಡಿನೋರು

ಮೊದಲು ಬಂದೋರು ಅರಕಲಗೂಡಿನೋರು. ಅವರು ಬರೋದು ನಂಗೆ ಗೊತ್ತಿತ್ತು, ಸಂಜೆ ಐದಕ್ಕೆ ಅನ್ನೋದು ಮರೆತೋಗಿತ್ತು. ಕೋಣೆ ಬಾಗಿಲು ಹಾಕ್ಕೊಂಡು ಕೂಗ್ತಾ ಕೂತಿದ್ದೆ. "ಹಲೋ, ಹಲೋ, ಯಾರಾದ್ರೂ ಇದ್ದೀರಾ? ನನ್ನ ಮಾತು ಕೇಳಿಸ್ತಿದೆಯಾ?" ಇದನ್ನ ಇಂಗ್ಲಿಷಲ್ಲಿ ಅರ್ಧ ಗಂಟೆ ಅಂದ್ಕೊಳ್ಳಿ.

ಜಗಲೀಲಿ ಕೂತಿದ್ದ ಗಂಡಿನ ತಾತ ಕೇಳಿದ್ನಂತೆ, "ಒಳಗೆ ಯಾರು?"

ನಮ್ಮಪ್ಪ ತೆಂಗಿನಕಾಯಿ ಮಂಡಿ ಇಟ್ಟೋರು, ಸುಳ್ಳು ಹೇಳಕ್ಕೆ ಬರಲ್ಲ. "ನನ್ನ ಮಗ."

"ಯಾರ ತಾವ ಮಾತಾಡ್ತವ್ನೆ?"

"ಗೊತ್ತಿಲ್ಲ. ಅವನಿಗೂ ಗೊತ್ತಿಲ್ಲ."

"ಆ ಕಡೆಯಿಂದ ಯಾರಾನ ಮಾತಾಡ್ತಾರಾ?"

"ಇದುವರೆಗೂ ಇಲ್ಲ."

ಅವರು ಉಪ್ಪಿಟ್ಟು ಮುಗಿಸಿ ಎದ್ದೋರು, ಹುಡುಗೀನ ನೋಡದೇ ಬಸ್ ಸ್ಟಾಂಡಿಗೆ ನಡೆದ್ರು. ಎಂಟೇ ದಿನಕ್ಕೆ ತಾಲ್ಲೂಕೆಲ್ಲ ಸುದ್ದಿ: ಆ ಮನೇಲಿ ಒಬ್ಬ ಹುಡುಗ ಗೋಡೆ ಜೊತೆ ಮಾತಾಡ್ತಾನಂತೆ, ಹುಡುಗಿಗೂ ಅದು ಇರಬೌದು. ಹಾಸನದಿಂದ ಬರಬೇಕಿದ್ದೋರು ಬರಲೇ ಇಲ್ಲ.

ಅಪ್ಪ ನನ್ನ ಕರೆದು ಅಂದ್ರು: "ಇನ್ನೊಂದು ಸಂಬಂಧ ನಿನ್ನಿಂದ ತಪ್ಪಿದ್ರೆ ಆ ಪೆಟ್ಟಿಗೇನ ಹೇಮಾವತಿಗೆ ಎಸೀತೀನಿ."

"ನನ್ನನ್ನ ಎಸೆಯಲ್ವಾ?"

"ನಿಂಗೆ ಈಜು ಬರುತ್ತೆ."

೨. ಪುಸ್ತಕ

ಲೈಸೆನ್ಸಿನ ಕಟ್ಟುಪಾಡು ಹೀಗಿತ್ತು: ಯಾವಾಗ ಕೂಗಿದ್ರಿ, ಯಾರನ್ನ ಕೂಗಿದ್ರಿ, ಉತ್ತರ ಬಂತಾ ಇಲ್ವಾ, ಎಲ್ಲಾ ಪುಸ್ತಕದಲ್ಲಿ ಬರೀಬೇಕು. ಬರೆದದ್ದನ್ನ ಅಳಿಸಬಾರದು. ನನ್ನ ಅಕ್ಷರ ನಂಗೇ ಓದಕ್ಕೆ ಬರಲ್ಲ. ತಂಗಿ ಅಕ್ಷರ ಮುತ್ತು. ಮಿಡ್ಲ್ ಸ್ಕೂಲು ಮುಗಿಸಿ ಮನೇಲಿ ಕೂತಿದ್ಲು, ಅವಳಿಗೇ ವಹಿಸಿದೆ.

ಅವಳು ತಾಲ್ಲೂಕು ಕಚೇರಿ ರಿಜಿಸ್ಟರ್ ಥರಾ ಗೆರೆ ಹಾಕಿದ್ಲು. ನಂಬರು, ತಾರೀಖು, ವೇಳೆ, ಕರೆದದ್ದು, ಉತ್ತರ. ಕೊನೇಲಿ ಅಗಲವಾಗಿ ಒಂದು ಕಾಲಂ: ಷರಾ.

"ಅದ್ಯಾಕೆ? ಅಲ್ಲಿ ಬರಿಯೋದೇನಿಲ್ಲ, ಖಾಲಿ ಬಿಡು" ಅಂದೆ.

"ಗೆರೆ ಹಾಕಿದ್ಮೇಲೆ ಖಾಲಿ ಬಿಡಕ್ಕಾಗುತ್ತಾ?" ಅಂದ್ಲು.

ಒಂದು ತಿಂಗಳಾದ್ಮೇಲೆ ತೆಗೆದು ನೋಡ್ತೀನಿ.

"ಉತ್ತರ: ಇಲ್ಲ. ಷರಾ: ಅಣ್ಣ ಇಪ್ಪತ್ತೊಂದು ಸಲ ಹಲೋ ಅಂದ. ಬೆಕ್ಕು ಎದ್ದು ಹೋಯಿತು."

"ಉತ್ತರ: ಇಲ್ಲ. ಷರಾ: ಅಣ್ಣ ವಾಲ್ವು ಬದಲಾಯಿಸಿದ. ಹಳೇದು ಸರಿಯಾಗಿಯೇ ಇತ್ತು."

"ಉತ್ತರ: ಇಲ್ಲ. ಷರಾ: ಗಾಳಿ ಸರಿಯಿಲ್ಲ ಎಂದ. ನಿನ್ನೆಯೂ ಎಂದಿದ್ದ."

ಮೈಯೆಲ್ಲ ಉರಿದೋಯ್ತು. "ಹೊಡೆದು ಹಾಕೇ ಇದನ್ನೆಲ್ಲ!"

"ಸರ್ಕಾರದ ಪುಸ್ತಕ ಅಣ್ಣ. ಅಳಿಸಿದ್ರೆ ನಿನ್ನ ಲೈಸೆನ್ಸು ಹೋಗುತ್ತೆ. ಅಳಿಸಬಾರದು ಅಂತ ನೀನೇ ಅಂದದ್ದೂ ಬರೆದಿದ್ದೀನಿ, ಮೊದಲನೇ ಪುಟದಲ್ಲಿ."

೩. ಭೂಮಿ

ಬೈಕೊಂಡ್ರೂ ಅವಳು ಬರೆದದ್ದು ನಿಜ. ತಪ್ಪು ಗಾಳೀದಲ್ಲ, ನನ್ನ ಸ್ಟೇಷನ್ನಿಂದು. ಸ್ಟೇಷನ್ ಸುಧಾರಿಸಬೇಕು ಅಂತ ಹೊರಟೆ. ಮೊದಲು ಬೇಕಾದ್ದು ಒಳ್ಳೇ ಭೂಮಿ ಸಂಪರ್ಕ, ಅರ್ಥಿಂಗ್ ಅಂತಾರಲ್ಲ ಅದು. ಹಿತ್ತಲಲ್ಲಿ ಗುಂಡಿ ತೋಡಿ, ಅವ್ವನ ತಾಮ್ರದ ಬಿಂದಿಗೆಗೆ ತಂತಿ ಬಿಗಿದು, ಇದ್ದಿಲು ಉಪ್ಪು ಸುರಿದು ಹೂತೆ. ಅದು ಒಣಗಬಾರದು. ದಿನಾ ಬೆಳಿಗ್ಗೆ ಸ್ನಾನ ಮಾಡಿ ಒಂದು ಚೊಂಬು ನೀರು ಹುಯ್ತಿದ್ದೆ.

ಪಕ್ಕದ ಮನೆ ಗೌಡತಿ ಬೇಲಿ ಮೇಲಿಂದ ನಾಲ್ಕು ದಿನ ನೋಡಿದ್ಲು. "ಏನ್ಲಾ ಅದು, ಒದ್ದೆ ತಲೇಲಿ ಬಂದು ನೀರು ಉಯ್ತೀಯ?"

"ಅತ್ತೆ, ಪೆಟ್ಟಿಗೆಗೆ ಶಕ್ತಿ ಅಲ್ಲಿಂದ ಬರೋದು."

ಅಷ್ಟು ಹೇಳಿದ್ದೇ ನನ್ನ ತಪ್ಪು. ಮಾರನೇ ದಿನ ಆ ಜಾಗಕ್ಕೆ ಅರಿಶಿನ ಕುಂಕುಮ ಬಿದ್ದಿತ್ತು. ಅದರ ಮಾರನೇ ದಿನ ಗೌಡತಿ ಎಮ್ಮೆ, ತಿಂಗಳಿಂದ ಒದೀತಿದ್ದುದು, ತೆಪ್ಪಗೆ ನಿಂತು ಹಾಲು ಕೊಡ್ತಂತೆ. ಆಮೇಲೆ ಕೇಳ್ಬೇಕಾ? ಇಡೀ ಬೀದಿ ಹೆಂಗಸರು ಚೊಂಬು ಹಿಡ್ಕೊಂಡು ನಮ್ಮ ಹಿತ್ತಲಿಗೆ.

"ಅಲ್ಲಿ ದೇವರಿಲ್ಲ ಅತ್ತೆ, ಬಿಂದಿಗೆ ಐತೆ!" ಅಂದೆ.

"ನಿಂಗೇನ್ಲಾ ಗೊತ್ತು, ಕಾಲೇಜು ಬಿಟ್ಟೋನು" ಅಂದ್ಲು.

ಆದ್ರೆ ಅವತ್ತು ಸಂಜೆ ಹೆಡ್‌ಫೋನು ಕಿವಿಗೆ ಹಾಕ್ಕೊಂಡ್ರೆ, ಗೊರಗೊರ ಸದ್ದು ಮಾಯ! ರಂಗೂನಿನೋರು ಮಾತಾಡೋದು ಪಕ್ಕದ ಕೋಣೇಲಿ ಮಾತಾಡ್ದಂಗೆ ಕೇಳ್ತು. ದೇವರು ದಿಂಡರು ನಂಬದ ನಾನು ಬೇಲಿ ಹತ್ರ ಹೋಗಿ ಗೌಡತಿಗೆ ಕೈ ಮುಗಿದೆ, "ಅತ್ತೆ, ಸಾಯಂಕಾಲವೂ ಬನ್ನಿ" ಅಂತ.

ಅವತ್ತಿನ ಷರಾ: "ಭೂಮಿಗೆ ಬಿದ್ದ ನೀರು ಹದಿನೇಳು ಚೊಂಬು. ಅಣ್ಣ ಹಾಕಿದ್ದು: ಇಲ್ಲ."

೪. ಸಿಲೋನಿನ ಕಾರ್ಡು

ಭೂಮಿ ಸರಿಹೋಯ್ತು, ಸರಿಹೋಗಬೇಕಾದ್ದು ಬ್ಯಾಟರಿ ಒಂದೇ ಉಳೀತು. ಹಾಸನದ ಗ್ಯಾರೇಜಲ್ಲಿ ಚಾರ್ಜ್ ಮಾಡಿಸಿ ರೈಲಲ್ಲಿ ತೊಡೆ ಮೇಲೆ ಇಟ್ಕೊಂಡು ತರ್ತಿದ್ದೆ. ಆ್ಯಸಿಡ್ಡು ಚೆಲ್ಲಿ ನನ್ನ ಪಂಚೆಗಳೆಲ್ಲ ಜರಡಿ ಆಗಿದ್ವು. ಒಂದು ಭಾನುವಾರ ಬೆಳಿಗ್ಗೆ ಹೊಸದಾಗಿ ಚಾರ್ಜಾದ ಬ್ಯಾಟರಿ ಹಾಕಿ ಕೂಗಿದೆ. ನಿಲ್ಲಿಸ್ದೆ. ಆ ಕಡೆಯಿಂದ ಯಾರೋ ನನ್ನ ಸ್ಟೇಷನ್ನಿನ ಗುರುತು ಹೇಳಿದ್ರು. ಸಿಲೋನಿನ ಟೀ ತೋಟದ ಇಂಜಿನಿಯರು. ಮೂರು ನಿಮಿಷ ಮಾತಾಡಿರಬೌದು.

ಆಮೇಲೆ ಕಣ್ಣೊರೆಸ್ಕೊಂಡೆ. "ವಾಲ್ವಿನ ಹೊಗೆ" ಅಂದೆ ತಂಗಿಗೆ. ಅವಳು ತಲೆ ಎತ್ತದೇ ಬರೆದ್ಲು.

"ಉತ್ತರ: ಬಂತು. ಷರಾ: ಹೊಗೆ ಇರಲಿಲ್ಲ."

ಅದೊಂದು ಷರಾನ ಹೊಡೆದು ಹಾಕು ಅಂತ ನಾನು ಯಾವತ್ತೂ ಹೇಳಲಿಲ್ಲ.

ಈ ರೇಡಿಯೋದೋರಲ್ಲಿ ಒಂದು ಪದ್ಧತಿ. ಮಾತಾಡಿದ್ದು ನಿಜ ಅಂತ ಆಮೇಲೆ ಒಂದು ಕಾರ್ಡು ಬರೆದು ಹಾಕ್ತಾರೆ. ಮೂರು ವಾರಕ್ಕೆ ಕಾರ್ಡು ಬಂತು. ಅಪ್ಪ ನನ್ನ ಕೈಗೂ ಕೊಡದೇ ಜೇಬಿಗಿಟ್ಕೊಂಡು ಊರೆಲ್ಲ ಹೊರಟರು. ನೋಡಿ, ನನ್ನ ಮಗ ಗೋಡೆ ಜೊತೆ ಮಾತಾಡ್ತಿಲ್ಲ, ಸಮುದ್ರದಾಚೆಯಿಂದ ಸಾಕ್ಷಿ ಬಂದಿದೆ! ಕೊನೆಗೆ ಹೈಸ್ಕೂಲ್ ಮೇಷ್ಟ್ರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿ ಅರ್ಥ ಹೇಳಿ ಅಂದ್ರು. ಮೇಷ್ಟ್ರು ಓದಿದ್ರು: "ಸದ್ದು ಬಹಳ ಜೋರಾಗಿತ್ತು. ಏನು ಹೇಳ್ತಿದ್ದೀರಿ ಅನ್ನೋದು ಅರ್ಧ ಅರ್ಥ ಆಗಲಿಲ್ಲ."

ಅಪ್ಪ ಮನೆಗೆ ಬಂದು ಕಾರ್ಡು ನನ್ನ ಮುಂದಿಟ್ರು. "ಸಿಲೋನಿನೋನು ಜಾಣ. ಮೂರು ನಿಮಿಷದಲ್ಲಿ ನಿನ್ನ ಕಂಡುಹಿಡಿದ. ನಂಗೆ ಇಪ್ಪತ್ತೆರಡು ವರ್ಷ ಬೇಕಾಯ್ತು."

೫. ಚನ್ನರಾಯಪಟ್ಟಣದೋರು

ಕಾರ್ಡಿನ ಪುಣ್ಯವೋ ಏನೋ, ಚನ್ನರಾಯಪಟ್ಟಣದಿಂದ ಸಂಬಂಧ ಬಂತು. ಗಂಡಿನ ಅಪ್ಪ ರಿಟೈರ್ಡ್ ಶಿರಸ್ತೇದಾರರು, ಮಗನಿಗೆ ಹಾಸನದ ಕೋರ್ಟಲ್ಲಿ ಕೆಲಸ. ಇದು ತಪ್ಪಿದ್ರೆ ಇನ್ನು ಯಾರೂ ಈ ಬೀದಿಗೆ ಕಾಲಿಡಲ್ಲ ಅಂತ ಅವ್ವ ಬೆಳಿಗ್ಗೆಯಿಂದ ಊಟ ಬಿಟ್ಟಿದ್ಲು. ನಾನು ಬಾಯಿ ತೆರೀಬಾರದು ಅಂತ ಅಪ್ಪನ ಅಪ್ಪಣೆ.

ಹುಡುಗ ಕೂತ ಕಡೆ ಕಂಬದ ಹಾಗೆ ಕೂತಿದ್ದ. ಅಪ್ಪ "ಏನಪ್ಪಾ ಹೆಸರು?" ಅಂದ್ರೆ ಶಿರಸ್ತೇದಾರರು ಹೆಸರು ಹೇಳಿದ್ರು. "ಕೆಲಸ ಹೆಂಗಿದೆ?" ಅಂದ್ರೆ "ಖಾಯಂ ಆಗಿದೆ" ಅಂದೋರು ಶಿರಸ್ತೇದಾರರು. ಅವ್ವ ತಂಗಿ ಜೊತೆ ಬಾಗಿಲ ಸಂದೀಲಿ ನಿಂತು "ಇನ್ನೊಂಚೂರು ಕಾಫಿ?" ಅಂದಾಗ್ಲೂ "ಅವನಿಗೆ ಸಾಕು" ಅಂದೋರು ಅವರೇ.

ಆಮೇಲೆ ಕೇಳಿದ್ರು, "ಹುಡುಗಿ ಬರವಣಿಗೆ ನೋಡೋಣ. ಎರಡು ಸಾಲು ಬರೆಸಿ."

"ಎರಡು ಸಾಲು ಯಾಕೆ, ಇಡೀ ಪುಸ್ತಕವೇ ಐತೆ!" ಅಂತ ಅಪ್ಪ ಹಿಗ್ಗಿ ಕೋಣೆಗೆ ನುಗ್ಗಿ ತಂದು ಕೊಟ್ಟೇಬಿಟ್ರು. ಅಪ್ಪ ಅದನ್ನ ಒಂದು ದಿನವೂ ತೆಗೆದು ನೋಡಿದೋರಲ್ಲ. ನಾನು ಕಣ್ಣು ಮಿಟುಕಿಸಿದ್ದು ಅವರಿಗೆ ಕಾಣಲಿಲ್ಲ.

ಶಿರಸ್ತೇದಾರರು ಕನ್ನಡಕ ಏರಿಸಿದ್ರು. ಆಯುಸ್ಸೆಲ್ಲ ರಿಜಿಸ್ಟರ್ ನೋಡಿದ ಕಣ್ಣು, ನೆಟ್ಟಗೆ ಕೊನೇ ಕಾಲಮ್ಮಿಗೆ ಹೋಯ್ತು. ಒಂದು ಪುಟ. ಎರಡು ಪುಟ. ಮುಖದಲ್ಲಿ ಏನೂ ಇಲ್ಲ.

"ಆ ಪೆಟ್ಟಿಗೆ ಎಲ್ಲಿದೆ?" ಅಂದ್ರು.

ಎಲ್ರೂ ಕೋಣೆಗೆ ಹೋದ್ವಿ. ಪೆಟ್ಟಿಗೇನ ಒಂದು ಸುತ್ತು ನೋಡಿ ತಂಗಿ ಕಡೆ ತಿರುಗಿದ್ರು. "ನಾನೂ ಸರ್ವೀಸಲ್ಲಿ ಸಾವಿರಾರು ಷರಾ ಬರೆದೆ ಕಣಮ್ಮ. ಎಲ್ಲಾ ಒಂದೇ: 'ಪರಿಶೀಲಿಸಲಾಯಿತು.' ಒಂದನ್ನೂ ಪರಿಶೀಲಿಸಿರಲಿಲ್ಲ." ಪುಸ್ತಕ ಅವಳ ಕೈಗಿಟ್ರು. "ಇವತ್ತಿಂದು ಬರಿ."

"ಇರೋದನ್ನೇ ಬರೀಲಾ?"

"ಇರೋದನ್ನೇ."

ಅವಳು ನಿಂತಲ್ಲೇ ಬರೆದು ಕೊಟ್ಲು. ಅವರು ಗಟ್ಟಿಯಾಗಿ ಓದಿದ್ರು:

"ವೇಳೆ: ನಾಲ್ಕೂವರೆ. ಕರೆದದ್ದು: ಚನ್ನರಾಯಪಟ್ಟಣದ ವರನನ್ನು, ಮೂರು ಸಲ. ಉತ್ತರ: ಬಂತು. ಷರಾ: ಮೂರನ್ನೂ ಅವರ ತಂದೆಯವರೇ ಕೊಟ್ಟರು."

ಅವ್ವ ಗೋಡೆ ಹಿಡ್ಕೊಂಡ್ಲು. ಅಪ್ಪ "ಮಕ್ಕಳಾಟ ಸ್ವಾಮೀ, ತಿಳೀದೆ..." ಅಂತ ಏನೋ ತೊದಲಿದ್ರು. ನಂಗೂ ಮೊದಲನೇ ಸಲ ಆ ಪೆಟ್ಟಿಗೆ ಇಲ್ಲದೇ ಹೋಗಿದ್ರೆ ಚೆನ್ನಾಗಿತ್ತು ಅನ್ನಿಸ್ತು.

ಆಗ ಹಿಂದಿನಿಂದ ಒಂದು ದನಿ. ಯಾರದು ಅಂತ ಒಂದು ಕ್ಷಣ ಗೊತ್ತಾಗಲಿಲ್ಲ, ಅದುವರೆಗೂ ಯಾರೂ ಕೇಳಿರಲಿಲ್ವಲ್ಲ.

"ಅಪ್ಪ, ನೀವೆಲ್ಲ ಐದು ನಿಮಿಷ ಆಚೆ ಹೋಗಿ. ನಾನೇ ಮಾತಾಡ್ತೀನಿ."

ಮದುವೆಯಾಗದ ಹುಡುಗಿ, ಹುಡುಗ, ಒಂದೇ ಕೋಣೇಲಿ! ಹೊಳೇನರಸೀಪುರದಲ್ಲಿ ಅಂಥದು ಕಂಡಿರಲಿಲ್ಲ, ಕೇಳಿರಲಿಲ್ಲ. "ಎಲ್ಲಾದ್ರೂ ಉಂಟಾ?" ಅಂದ್ರು ನಮ್ಮಪ್ಪ. ಶಿರಸ್ತೇದಾರರು ಉತ್ತರ ಕೊಡಕ್ಕೆ ಬಾಯಿ ತೆರೆದ್ರು, ಮಗನ ಮುಖ ನೋಡಿದ್ರು, ಮುಚ್ಚಿದ್ರು. ತಂಗಿ ಕಡೆ ತಿರುಗಿ, "ನೀನೇನಂತೀಯಮ್ಮ?"

ಅವಳು ನೆಲ ನೋಡ್ಕೊಂಡೇ ಅಂದ್ಲು, "ಅಣ್ಣನ್ನೂ ಕರ್ಕೊಂಡು ಹೋಗಿ."

"ಇದು ನನ್ನ ಸ್ಟೇಷನ್ನು!" ಅಂದೆ.

ಶಿರಸ್ತೇದಾರರು ನನ್ನ ರಟ್ಟೆ ಹಿಡಿದು ಮುಂದೆ ತಳ್ಳಿದ್ರು, ಅಪ್ಪನ ಹೆಗಲ ಮೇಲೆ ಕೈ ಹಾಕಿ ನಡೆಸಿಕೊಂಡು ತಾವೂ ಆಚೆ ಬಂದ್ರು, ಬಾಗಿಲು ಮುಚ್ಚಿದ್ರು.