ನೆಲಮಾಳಿಗೆಯ ಪಾಚಿಯಪ್ಪ

ಗಾಜಿನ ಭರಣಿಗಳು ಫಳಫಳ ಹೊಳೆಯುತ್ತಿದ್ದವು. ಅದನ್ನು ಕಂಡದ್ದೇ ಪಾಚಿಯಪ್ಪನವರಿಗೆ ಕಣ್ಣು ಕತ್ತಲೆ ಬಂತು. ಬಾಗಿಲ ಚೌಕಟ್ಟು ಹಿಡಿದು ನಿಂತರು.

ನಿನ್ನೆ ಸಂಜೆಯವರೆಗೆ ಆ ಭರಣಿಗಳಲ್ಲಿ ಹಸಿರು ನೀರಿತ್ತು. ಉಳಿದವರ ಕಣ್ಣಿಗೆ ಅದು ಪಾಚಿ, ಅವರಿಗೆ ಸಂಸಾರ. ಸಾಸಿವೆಗಿಂತ ಸಣ್ಣ, ನೀರುಚಿಗಟವೆಂಬ ಜೀವಿಗಳು ಅದರಲ್ಲಿ ಕುಪ್ಪಳಿಸುತ್ತ, ಮರಿ ಹಾಕುತ್ತ, ಸುಖವಾಗಿದ್ದವು. ಬೆಳಿಗ್ಗೆ ಬಂದ ಕೂಡಲೇ ಭರಣಿಗಳ ಮುಂದೆ ನಿಂತು, ಕೈಮುಗಿದು, ಆಮೇಲೆ ಹಾಜರಿ ಹಾಕುವುದು ಅವರ ಪದ್ಧತಿ. ಅದನ್ನು ಕಂಡೇ ಕಚೇರಿಯವರು ಅವರಿಗೆ ಪಾಚಿಯಪ್ಪ ಎಂದು ಹೆಸರಿಟ್ಟದ್ದು. ನಿಜವಾದ ಹೆಸರು ಈಗ ಹೆಂಡತಿಗೂ ಚಟ್ಟನೆ ನೆನಪಾಗುತ್ತಿರಲಿಲ್ಲ.

ನೀರು ಸರಬರಾಜು ಇಲಾಖೆಯ ನೆಲಮಾಳಿಗೆಯಲ್ಲಿ ಅವರದು ಜಲಜೀವಿ ವಿಭಾಗ. ವಿಭಾಗವೆಂದರೆ ಒಂದು ಕೋಣೆ, ಒಂದು ಮೈಕ್ರೋಸ್ಕೋಪು ಮತ್ತು ಅವರು. ಹೋದ ವಾರ ದೊಡ್ಡ ಸಾಹೇಬರು ಕರೆಸಿ, ಎಲ್ಲ ಬಗೆಯ ಮನೆಗಳ ಮಕ್ಕಳೂ ನೀರಿನ ವಿಜ್ಞಾನಕ್ಕೆ ಬರಬೇಕೆಂಬುದು ಮೇಲಿನವರ ಆಸೆ ಎಂದಿದ್ದರು. ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ಯುವಕ ಯುವತಿಯರನ್ನು ಇವತ್ತು ಕಳಿಸುತ್ತಾರಂತೆ. ಅವರಲ್ಲಿ ಒಬ್ಬರಿಗಾದರೂ ಈ ಕೆಲಸದ ಮೇಲೆ ಮನಸ್ಸು ಬಾರದೆ ಹೋದರೆ ವಿಭಾಗ ಮುಚ್ಚುವುದು. ಪಾಚಿಯಪ್ಪನವರು ಮೇಲಿನ ಮಹಡಿಗೆ, ನಲ್ಲಿ ದೂರುಗಳ ಕೌಂಟರಿಗೆ. ಆ ಕೌಂಟರಿನಲ್ಲಿ ಕೂತವರನ್ನು ಜನ ಇಡೀ ದಿನ ಬೈಯುತ್ತಾರೆ. ಹಿಂದೆ ಅಲ್ಲಿದ್ದವರು ಈಗ ಮನೆಯಲ್ಲಿ ನಲ್ಲಿ ತಿರುಗಿಸುವುದಕ್ಕೂ ಹೆದರುತ್ತಾರೆಂದು ಸುದ್ದಿಯಿತ್ತು.

"ಆ ಹಸಿರು ಬಿಡೋದೇ ಇಲ್ಲ ಅಂತ ಹಟ ಹಿಡಿದಿತ್ತು ಸರ್," ಎಂದರು ಹಿಂದಿನಿಂದ ಕಚೇರಿಯ ಮ್ಯಾನೇಜರಮ್ಮ. "ಸೋಪು, ಬಿಸಿನೀರು, ಬ್ರಶ್ಶು, ಎಲ್ಲ ಹಾಕಿ ಉಜ್ಜಿದೆ. ಸೊಂಟ ಬಿದ್ದೋಯ್ತು. ಮಕ್ಕಳು ಬರೋ ದಿನ ನಿಮ್ಮ ಮರ್ಯಾದೆ ಹೋಗಬಾರದು ನೋಡಿ."

ಸೊಂಟ ಹಿಡಿದುಕೊಂಡು ನಿಂತ ಹೆಂಗಸನ್ನು ಬೈಯುವುದಾದರೂ ಹೇಗೆ? ಪಾಚಿಯಪ್ಪನವರು ಒಳ್ಳೆಯದಾಯಿತಮ್ಮ ಎಂದರು.

ಮಕ್ಕಳಿಗೆ ತೋರಿಸಲು ಒಂದೆರಡಾದರೂ ನೀರುಚಿಗಟ ಸಿಗಲೆಂದು ಬಾಟಲಿ ಹಿಡಿದು ಕಚೇರಿಯ ಮುಂದಿನ ಕಾರಂಜಿ ಕೊಳಕ್ಕೆ ಓಡಿದರು. ಕೊಳದಲ್ಲಿ ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಬಡಿಯಿತು. ಮ್ಯಾನೇಜರಮ್ಮನ ಪ್ರೀತಿ ಅಲ್ಲಿಗೂ ಹರಿದಿತ್ತು.

ಇನ್ನು ಉಳಿದದ್ದು ಕಟ್ಟಡದ ಹಿಂದಿನ ಹೊಂಡ. ಮೇಲಿನ ಟ್ಯಾಂಕು ತುಂಬಿ ಸುರಿದ ನೀರೆಲ್ಲ ಅಲ್ಲಿ ನಿಲ್ಲುತ್ತಿತ್ತು. ಅಷ್ಟು ಗಲೀಜಿನ ಹತ್ತಿರ ಹೋಗುವ ಧೈರ್ಯ ಮ್ಯಾನೇಜರಮ್ಮನಿಗೂ ಇರಲಿಲ್ಲ. ಪಾಚಿಯಪ್ಪನವರು ದೇವರನ್ನು ನೆನೆದು, ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಬಾಟಲಿ ಅದ್ದಿದರು. ಬಾಟಲಿ ತುಂಬಿತು. ಹಾಗೆಯೇ ಕಾಲು ಜಾರಿ ಹೊಂಡಕ್ಕೆ ಬಿದ್ದು, ಅವರೂ ತುಂಬಿದರು.

ಕೂಗು ಕೇಳಿ ಬಂದವರು ಲೆಕ್ಕದ ಅಧಿಕಾರಿ. ನೆಲಮಾಳಿಗೆ ಖಾಲಿಯಾದರೆ ತಮ್ಮವರ ಊಟದ ಕೋಣೆ ಮಾಡಬೇಕೆಂದು ಬಹುದಿನಗಳಿಂದ ಕಣ್ಣಿಟ್ಟಿದ್ದ ಮನುಷ್ಯ. ಆದರೂ ಮುಳುಗುವವರನ್ನು ಬಿಟ್ಟು ಹೋಗುವಷ್ಟು ಕೆಟ್ಟವರಲ್ಲ. ಕಾಲರು ಹಿಡಿದು ಎಳೆದು ಹಾಕಿದರು. ಪಾಚಿಯಪ್ಪನವರು ಕೆಮ್ಮಿ, ಸೀನಿ, ಕಣ್ಣು ಬಿಡುವಷ್ಟರಲ್ಲಿ ಅಧಿಕಾರಿ ಬಾಟಲಿಯ ನೀರು ಚೆಲ್ಲಿ, ನಲ್ಲಿಯಲ್ಲಿ ತೊಳೆದು, ಕರವಸ್ತ್ರದಿಂದ ಒರೆಸಿ ಕೈಗಿಟ್ಟರು.

"ಅದರೊಳಗೂ ಕೊಳಕು ನೀರು ಹೋಗಿತ್ತು ಸಾರ್. ಈಗ ಸ್ವಚ್ಛ."

ಪದ್ಯ ಹಾಡುತ್ತಿದ್ದವನಿಗೆ ನಡುವೆ ಸಾಲೇ ಮರೆತುಹೋದಂತೆ ಪಾಚಿಯಪ್ಪನವರ ಬಾಯಿ ತೆರೆದುಕೊಂಡೇ ಇತ್ತು.

ತೊಟ್ಟಿಕ್ಕುತ್ತ ಕೋಣೆಗೆ ಬಂದರೆ ಆಗಲೇ ಮಕ್ಕಳು ಬಂದು ಕೂತಿದ್ದರು. ಕ್ಷೌರದಂಗಡಿಯವನ ಮಗ, ಬಸ್ ಚಾಲಕನ ಮಗಳು, ವೈದ್ಯ ದಂಪತಿಗಳ ಮಗ, ಇನ್ನೂ ನಾಲ್ಕಾರು ಮಂದಿ. ಹೊಸಿಲಲ್ಲಿ ನೀರು ಸುರಿಸುತ್ತ ನಿಂತವರನ್ನು ನೋಡಿ ಒಬ್ಬಳು, ಈ ಕೆಲಸಕ್ಕೆ ಈಜು ಕಡ್ಡಾಯವೇ ಎಂದು ಪಕ್ಕದವಳನ್ನು ಕೇಳಿದಳು. ಲೆಕ್ಕದ ಅಧಿಕಾರಿಯೂ ಸಹಾಯಕ್ಕೆಂದು ಬಂದು ಕುರ್ಚಿ ಎಳೆದುಕೊಂಡರು.

ಪಾಚಿಯಪ್ಪನವರು ಖಾಲಿ ಭರಣಿ ತೋರಿಸಿ, ಇದರಲ್ಲಿ ಏನೇನಿತ್ತು ಎಂಬುದನ್ನು ವರ್ಣಿಸಿದರು. ಮಕ್ಕಳು ಭರಣಿಯನ್ನು ನೋಡಿದರು, ಅವರನ್ನು ನೋಡಿದರು, ಬಾಗಿಲನ್ನು ನೋಡಿದರು. ವೈದ್ಯರ ಮಗನಿಗೆ ನಿದ್ದೆ ಹತ್ತಿತು.

ಕ್ಷೌರದಂಗಡಿಯವನ ಮಗ ಕೇಳಿದ: "ಸರ್, ಈ ಕೆಲಸದವರಿಗೆ ಹೆಣ್ಣು ಕೊಡ್ತಾರಾ?"

"ಕೊಡ್ತಾರಪ್ಪ, ನನಗೆ ಕೊಟ್ಟಿದಾರೆ. ಫ್ರಿಜ್ಜಲ್ಲಿ ಬಾಟಲಿ ಇಡೋಕೆ ಮಾತ್ರ ಬಿಡಲ್ಲ."

"ಇವರು ಕೆಲಸಕ್ಕೆ ಸೇರಿದಾಗ ತಲೆ ತುಂಬ ಕೂದಲಿತ್ತು," ಎಂದು ಲೆಕ್ಕದ ಅಧಿಕಾರಿ ಮೆತ್ತಗೆ ಸೇರಿಸಿದರು. ಕ್ಷೌರದಂಗಡಿಯವನ ಮಗ ಕಸುಬು ಬಲ್ಲವನ ಗಂಭೀರತೆಯಿಂದ ಪಾಚಿಯಪ್ಪನವರ ತಲೆಯನ್ನು ಪರೀಕ್ಷಿಸಿ, ಚೀಲ ಹೆಗಲಿಗೇರಿಸಿದ. ಅವನ ಹಿಂದೆ ಒಬ್ಬೊಬ್ಬರೇ ಎದ್ದರು.

ಅಲ್ಲಿಗೆ ಮುಗಿಯಿತು. ಪಾಚಿಯಪ್ಪನವರ ಕಣ್ಣೆದುರು ದೂರಿನ ಕೌಂಟರಿನ ಸಣ್ಣ ಕಿಟಕಿಯೂ ಅದರೊಳಗೆ ತೂರಿಬರುವ ಕೈಗಳೂ ಕುಣಿದವು. ಏನು ಮಾಡುತ್ತಿದ್ದೇನೆಂಬ ಎಚ್ಚರವಿಲ್ಲದೆ ಒದ್ದೆ ಅಂಗಿಯ ತೋಳನ್ನು ಹಿಂಡಿದರು. ಬಿದ್ದ ಹನಿಗೆ ಅಭ್ಯಾಸಬಲದಿಂದ ಗಾಜಿನ ಪಟ್ಟಿ ಒಡ್ಡಿ, ಅದನ್ನು ಮೈಕ್ರೋಸ್ಕೋಪಿನಡಿ ಇಟ್ಟರು. ಬೇರೆಯವರು ದುಃಖ ಬಂದರೆ ಅಳುತ್ತಾರೆ. ಅವರಿಗೆ ಇದೊಂದೇ ಗೊತ್ತಿದ್ದದ್ದು.

ಬಸ್ ಚಾಲಕನ ಮಗಳು ಬಾಗಿಲವರೆಗೆ ಹೋದವಳು ಹಿಂದಿರುಗಿ ಬಂದು, ನಾನೊಮ್ಮೆ ನೋಡಲೇ ಎಂದಳು. ಕಣ್ಣಿಟ್ಟವಳು ತೆಗೆಯಲೇ ಇಲ್ಲ.

"ಸರ್, ಇದರ ಮೈ ಗಾಜಿನ ಥರ ಇದೆ. ಒಳಗೆ ಎದೆ ಬಡ್ಕೊಳ್ತಾ ಇರೋದು ಕಾಣ್ತಿದೆ." ಇನ್ನಷ್ಟು ಬಗ್ಗಿದಳು. "ಇದಕ್ಕೆ ಭಯ ಆಗಿದೆಯಾ?"

"ದೀಪದ ಬಿಸಿ ಅಮ್ಮ. ತಡಿ."

ಅವರು ತಣ್ಣೀರಿನ ಒಂದು ಹನಿ ಬಿಟ್ಟರು. ಹೊಂಡದಿಂದ ಅಂಗಿಯಲ್ಲಿ ಬಂದ ನೀರುಚಿಗಟದ ಆ ಚುಕ್ಕೆ ಗಾತ್ರದ ಹೃದಯ ಮೆಲ್ಲಮೆಲ್ಲನೆ ನಿಧಾನವಾಯಿತು. ಹುಡುಗಿಯ ಉಸಿರೂ ಅದರ ಜೊತೆಗೇ ನಿಧಾನವಾಯಿತು. ಬೆನ್ನಲ್ಲಿ ಮರಿಗಳಿರುವುದನ್ನು ಅವಳೇ ಕಂಡುಹಿಡಿದಳು. ಏನು ತಿನ್ನುತ್ತದೆ, ಎಷ್ಟು ದಿನ ಬದುಕುತ್ತದೆ, ನಮ್ಮ ಬೀದಿಯ ನೀರಿನಲ್ಲೂ ಇದೆಯೇ ಎಂದು ಕೇಳುತ್ತ ಹೋದಳು. ಪಾಚಿಯಪ್ಪನವರು ಒದ್ದೆ ಬಟ್ಟೆಯನ್ನೂ ಮರೆತು ಹೇಳುತ್ತ ಹೋದರು. ಇಷ್ಟು ವರ್ಷಗಳಲ್ಲಿ ಅವರನ್ನು ಯಾರೂ ಇದನ್ನೆಲ್ಲ ಕೇಳಿರಲಿಲ್ಲ.

ದೊಡ್ಡ ಸಾಹೇಬರು ಒಳಗೆ ಬಂದಾಗ ಅವಳು ಕಣ್ಣು ತೆಗೆಯದೆಯೇ, "ಸರ್, ನನಗೆ ಇದೇ ಕೆಲಸ ಬೇಕು," ಎಂದಳು.

ಸಾಹೇಬರ ಮುಖ ಅರಳಿತು. ಬಸ್ ಚಾಲಕನ ಮಗಳೆಂದು ತಿಳಿದು ಇನ್ನಷ್ಟು ಅರಳಿತು. ಮೇಲಿನವರು ಬಯಸಿದ್ದು ಇದನ್ನೇ ಎಂದರು. ಇನ್ನು ವಿಭಾಗ ಮುಚ್ಚುವ ಮಾತೇ ಇಲ್ಲವೆಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಲೆಕ್ಕದ ಅಧಿಕಾರಿ ಊಟದ ಕೋಣೆಯ ಆಸೆ ನುಂಗಿಕೊಂಡು ಹೊರನಡೆದರು. ಪಾಚಿಯಪ್ಪನವರು ಕಣ್ಣು ಮುಚ್ಚಿ ದೇವರಿಗೆ ಮನಸ್ಸಿನಲ್ಲೇ ಉದ್ದಂಡ ನಮಸ್ಕಾರ ಹಾಕಿದರು.

"ಹುಡುಗಿಗೆ ಕೆಲಸ ಕೊಟ್ಟೇಬಿಡೋಣ," ಎಂದರು ಸಾಹೇಬರು. "ಈ ವಿಭಾಗಕ್ಕೆ ಮಂಜೂರಾಗಿರೋದು ಒಂದೇ ಹುದ್ದೆ. ಅದನ್ನ ನೀವು ಬಿಟ್ಟುಕೊಡ್ತೀರಿ ಅನ್ನೋ ನಂಬಿಕೆ ನನಗಿತ್ತು. ದೊಡ್ಡ ಮನಸ್ಸು ನಿಮ್ಮದು."

ಪಾಚಿಯಪ್ಪನವರು ಕಣ್ಣು ಬಿಟ್ಟರು. ಸಾಹೇಬರು ಅವರ ಒದ್ದೆ ಬೆನ್ನು ತಟ್ಟಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಗಾಬರಿ ಬೇಡ, ಇವತ್ತೇ ಕೌಂಟರಿಗೆ ಹೋಗಿ ಅಂತಿಲ್ಲ. ಅವಳು ಕಲಿಯೋ ತನಕ ನೀವು ಇಲ್ಲೇ ಇರಿ. ನೀವೇ ಕಲಿಸಬೇಕು."

ಹುಡುಗಿ ಮೊದಲ ಬಾರಿಗೆ ಮೈಕ್ರೋಸ್ಕೋಪಿನಿಂದ ಮುಖವೆತ್ತಿ, ಗುರುಗಳೆದುರು ಭಕ್ತಿಯಿಂದ ಕೈಮುಗಿದಳು.

"ನಾನು ತುಂಬ ಬೇಗ ಕಲೀತೀನಿ ಸರ್."