ಮಾವನ ಜೇಬಿನ ತೂಗುಗುಂಡು

ನನ್ನ ಸೋದರಮಾವನನ್ನು ಊಟಕ್ಕೆ ಕರೆಯಿರಿ, ಬೇಡ ಅನ್ನುವವನಲ್ಲ. ಆದರೆ ಅಂಗಳದಲ್ಲೇ ಎಲೆ ಹಾಕಿ. ಒಳಗೆ ಬಿಟ್ಟಿರೋ, ಅನ್ನ ಆರುವುದರೊಳಗೆ ನಿಮ್ಮ ಮನೆ ಎಷ್ಟು ವಾಲಿದೆ ಅಂತ ಓಣಿಗೆಲ್ಲ ಗೊತ್ತಾಗಿರುತ್ತದೆ.

ಮಾವ ಶಹಾಬಾದಿನ ಗೌಂಡಿ. ಮೊಣಕಾಲು ಮುಷ್ಕರ ಹೂಡಿದ ಮೇಲೆ ಕರಣೆ ಕೆಳಗಿಟ್ಟ. ಆದರೆ ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ದಾರಕ್ಕೆ ಕಟ್ಟಿದ ಹಿತ್ತಾಳೆ ಗುಂಡು ಇರುತ್ತದಲ್ಲ, ಆ ತೂಗುಗುಂಡು ಇವತ್ತಿಗೂ ಅವನ ಜೇಬಿನಲ್ಲೇ ಇದೆ. ನನ್ನ ನಿಶ್ಚಯದ ದಿನ ಬೀಗರ ಹೊಸ ಮನೆಯಲ್ಲಿ ದಾರ ಇಳಿಬಿಟ್ಟು, "ಹುಡುಗಿ ಚಲೋ ಅದಾಳ. ಗ್ವಾಡಿ ಮಾತ್ರ ಎರಡು ಬೆರಳು ವಾಲ್ಯಾದ" ಅಂದ. ನನ್ನ ಮದುವೆ ಹೇಗೋ ಆಯಿತು. ಬೀಗರು ಮಾತ್ರ ಇನ್ನೂ ಮಾವನ ಎದುರು ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತಾರೆ.

ಮೊನ್ನೆ ಕಮಲಾಪುರದಲ್ಲಿ ಸಂಜೆ ಆರೂವರೆಗೆ ನನ್ನ ಹತ್ತು ವರ್ಷದ ಮಗಳ ಕುಣಿತವಿತ್ತು. ಮಾವ ಬೆಳಿಗ್ಗೆಯೇ ಕಲಬುರಗಿಯ ನಮ್ಮ ಮನೆಗೆ ಬಂದಿಳಿದ. "ಈ ಊರಾಗ ಎಷ್ಟು ಗ್ವಾಡಿ ಕಟ್ಟೀನಿ, ಕೋಟಿ ಮಾತ್ರ ನೋಡಿಲ್ಲ. ತೋರಸು," ಅಂದ. ಮಗಳಿಗೆ ಅವಳದೇ ಚಿಂತೆ. ಕುಣಿತದ ನಡುವೆ ಗೆಳತಿಯರೆಲ್ಲ ನಿಂತು, ಇವಳೊಬ್ಬಳೇ ಮೂರು ಸುತ್ತು ತಿರುಗಬೇಕು. ಮೂರನೆಯದರಲ್ಲಿ ಎಡಗಾಲು ತಪ್ಪುತ್ತಿತ್ತು.

"ಮುತ್ಯಾ, ನೀ ಮುಂದಿನ ಸಾಲಿನಾಗ ಕೂಡು. ನಿನ್ನ ಮುಖ ನೋಡಿದ್ರ ನಾ ತಪ್ಪಂಗಿಲ್ಲ."

ಮಾವ ಅವಳ ತಲೆ ಮುಟ್ಟಿ ಮಾತು ಕೊಟ್ಟ. ನಾನೂ ನಂಬಿದೆ. ಬುದ್ಧಿ ಇದ್ದವರು ನಂಬುತ್ತಾರೆಯೇ?

ಕೋಟೆಯಲ್ಲಿ ಜನ ಉದ್ದ ತೋಪಿನ ಮುಂದೆ ಫೋಟೋ ಹೊಡೆಸಿಕೊಳ್ಳುತ್ತಿದ್ದರೆ, ಮಾವ ಹಳೇ ಮಸೀದಿಯ ಕಂಬಕ್ಕೆ ದಾರ ಬಿಟ್ಟು ಒಂದು ಕಣ್ಣು ಮುಚ್ಚಿದ. ಕಾವಲುಗಾರ ಸೀಟಿ ಊದುತ್ತ ಓಡಿ ಬಂದ.

"ಚಾಚಾ, ಏನ್ ಅಳೀಲಾಕತ್ತೀರಿ? ಖರೀದಿ ಮಾಡವ್ರೇನು?"

"ಖರೀದಿ ಅಲ್ಲಪ್ಪಾ, ಹಾಜರಿ ತಗೊಳ್ಳಾಕತ್ತೀನಿ. ನೋಡಿಲ್ಲಿ, ಇಷ್ಟು ನೂರು ವರ್ಷದಾಗ ಕೂದಲೆಳಿ ಸರದಿಲ್ಲ. ಯಾವ ಗೌಂಡಿಯೋ ಪುಣ್ಯಾತ್ಮ!"

ಕಾವಲುಗಾರ ಬಗ್ಗಿ ನೋಡಿದ. ಸೀಟಿ ಜೇಬಿಗೆ ಹಾಕಿದ. ಆಮೇಲೆ ಅವನೇ ಮುಂದಾಗಿ ಇನ್ನೂ ಹನ್ನೊಂದು ಕಂಬ ತೋರಿಸಿದ. ಗಡಿಯಾರ ನೋಡುತ್ತ ನಾನು ಹದಿಮೂರನೆಯ ಕಂಬದಂತೆ ನಿಂತಿದ್ದೆ.

ಕಮಲಾಪುರದ ಹತ್ತಿರ ಹೊಳಕುಂದಾದ ಗುಮ್ಮಟಗಳಿಗೆ ಬಂದಾಗ ನಾಲ್ಕು ದಾಟಿತ್ತು. ಹೊರಗಿನ ಬಯಲಲ್ಲಿ ಮಗಳು ಮೂರು ಸುತ್ತು ತಿರುಗಿದಳು. ಎಡಗಾಲು ತಪ್ಪಿತು. ಅವಳು ತಿರುಗಿ ನೋಡಿದರೆ ಮುತ್ಯಾ ಗುಮ್ಮಟದ ಗೋಡೆಗೆ ಕೆನ್ನೆ ಹಚ್ಚಿ ನಿಂತಿದ್ದ. ಅವಳ ಮುಖ ಸಣ್ಣದಾಯಿತು. ನನಗೆ ಸಿಟ್ಟು ಬಂತು.

"ಮಾವಾ, ಆ ಗುಂಡು ಇತ್ತ ಕೊಡು. ಕುಣಿತ ಮುಗದಮ್ಯಾಲ ಕೊಡ್ತೀನಿ."

"ಜೇಬ ಹಗರ ಆದ್ರ ನಾನೇ ವಾಲ್ತೀನೋ," ಅಂದು ಕಾರು ಹತ್ತಿದ.

ಕಮಲಾಪುರ ಮುಟ್ಟಿದಾಗ ಆರು ಗಂಟೆ. ಮಾವನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಕೈಗೊಂದು ಕೆಂಪು ಬಾಳೆಹಣ್ಣು ಕೊಟ್ಟೆ. ಕೈ ತುಂಬಿದ್ದರೆ ಜೇಬಿಗೆ ಹೋಗುವುದಿಲ್ಲ ಅನ್ನುವುದು ನನ್ನ ಉಪಾಯ. ಆದರೆ ಕಣ್ಣಿಗೆ ಏನು ಕೊಡಲಿ? ಅದಾಗಲೇ ವೇದಿಕೆಯ ಎಡಕ್ಕೆ, ಭಾರದ ದೀಪ ಹೊತ್ತ ಕಬ್ಬಿಣದ ಕಂಬದ ಮೇಲೆ ನೆಟ್ಟಿತ್ತು.

"ನಾಕು ಬೆರಳು ವಾಲ್ಯಾದ," ಎಂದು ಗೊಣಗಿ, ಪೆಂಡಾಲಿನವನನ್ನು ಕರೆದ. "ತಮ್ಮಾ, ನಿನ್ನೆ ಮಳಿ ಆಗ್ಯಾದ. ಹಸಿ ಎರಿ ಮಣ್ಣಿನಾಗ ಆ ಕಂಬದ ಹಗ್ಗದ ಗೂಟ ನಿಂದ್ರಂಗಿಲ್ಲ."

"ಅಜ್ಜಾ, ಪೆಂಡಾಲ ಹಾಕೂದು ನನಗ ಕಲಿಸ್ತೀಯೇನು? ಸುಮ್ಮ ಕೂತು ಬಾಳಿಹಣ್ಣು ತಿನ್ನು."

ಗಾಳಿ ಎದ್ದಿತು. ಪರದೆ ಪಟಪಟ ಬಡಿಯಿತು. ಮಗಳ ತಂಡವನ್ನು ಕರೆದರು. ನಾನು ಮೊಬೈಲ್ ತೆಗೆದು, ಪಕ್ಕಕ್ಕೆ ತಿರುಗಿದರೆ ಕುರ್ಚಿಯ ಮೇಲೆ ಮಾವ ಇಲ್ಲ. ಬಾಳೆಹಣ್ಣು ಕೂತಿತ್ತು.

ವೇದಿಕೆಯಿಂದ ಮಗಳೂ ಅದನ್ನೇ ನೋಡಿದಳು. ಎದ್ದು ಹುಡುಕೋಣವೆಂದುಕೊಂಡವನು ಕೂತೇ ಇದ್ದೆ. ನಾನೂ ಎದ್ದರೆ, ಇದ್ದ ಒಂದು ಮುಖವೂ ಅವಳಿಗೆ ಕಾಣದಂತಾಗುವುದಿಲ್ಲವೇ? ಒಂದು ಸುತ್ತು. ಎರಡು. ಮೂರನೆಯದಕ್ಕೆ ಎಡಗಾಲು ಜಾರಿತು. ಅವಳು ಹೇಗೋ ನೆಟ್ಟಗಾಗಿ ತಾಳ ಹಿಡಿದಳು. ಜನ ಗಮನಿಸಲೂ ಇಲ್ಲ, ಚಪ್ಪಾಳೆ ಹೊಡೆದರು.

ಇಳಿದು ಬಂದವಳ ಕಣ್ಣು ತುಂಬಿತ್ತು. ಇಬ್ಬರೂ ಹುಡುಕಿಕೊಂಡು ವೇದಿಕೆಯ ಹಿಂದೆ ಹೋದೆವು. ಮಾವ ಕರಿ ಮಣ್ಣಿನಲ್ಲಿ ಹಿಮ್ಮಡಿ ಊರಿ, ಕಂಬದ ಹಗ್ಗವನ್ನು ಎರಡೂ ಕೈಗೆ ಸುತ್ತಿಕೊಂಡು ಜಗ್ಗಿ ನಿಂತಿದ್ದ. ಹಿಂದೆಯೇ ಬಂದ ಪೆಂಡಾಲಿನವನು ಗೂಟ ಮುಟ್ಟಿ ನೋಡಿದ. ಮೂಲಂಗಿಯಂತೆ ಕೈಗೆ ಬಂತು. "ಬಿಡ್ರಿ ಯಜಮಾನ್ರ, ನಾ ಹಿಡೀತೀನಿ," ಅಂದು ಹಗ್ಗ ಇಸಿದುಕೊಂಡ.

"ತಲಿ ಮುಟ್ಟಿ ಹೇಳಿದ್ದಿ," ಅಂದಳು ಮಗಳು.

"ಹೌದವ್ವಾ, ತಪ್ಪಾತು." ಮಾವ ಅಂದ, "ಮೂರನೇ ಸುತ್ತಿನಾಗ ಎಡಗಾಲು ಜಾರ್ತಲ್ಲ? ಆದ್ರ ಅರ್ಧ ಉಸರಿನಾಗ ನೆಟ್ಟಗಾದಿ."

"ಇಲ್ಲಿಂದ ಏನೂ ಕಾಣಂಗಿಲ್ಲ. ನಿನಗ ಹೆಂಗ ಗೊತ್ತು?"

ಮಾವ ಗದ್ದದಿಂದಲೇ ತೋರಿಸಿದ. ವೇದಿಕೆಯ ಹಲಗೆಯಂಚಿಗೆ ತೂಗುಗುಂಡು ಕಟ್ಟಿತ್ತು. ಅವಳು ಹೆಜ್ಜೆ ಇಟ್ಟಾಗಲೆಲ್ಲ ಅದು ನಡುಗಿತ್ತು. ಒಂದೂ ಬಿಡದೆ ಎಣಿಸಿದ್ದ.

ಗದ್ದದಿಂದ ಯಾಕೆ ತೋರಿಸಿದ ಅಂತ ಆಮೇಲೆ ತಿಳಿಯಿತು. ಹಗ್ಗ ಉಜ್ಜಿ ಅಂಗೈ ಎರಡೂ ಸುಲಿದಿದ್ದವು, ಬೆರಳು ಮಡಚಲಾಗುತ್ತಿರಲಿಲ್ಲ. ಮಗಳು ಓಡಿಹೋಗಿ ಕುರ್ಚಿಯ ಮೇಲಿನ ಬಾಳೆಹಣ್ಣು ತಂದಳು. ಸಿಪ್ಪೆ ಸುಲಿದು ತುತ್ತು ತುತ್ತಾಗಿ ಅವನ ಬಾಯಿಗಿಟ್ಟಳು. ಕಡೆಗೆ ಗುಂಡನ್ನು ಬಿಚ್ಚಿ, ದಾರ ಸುತ್ತಿ, ತಾನೇ ಅವನ ಜೇಬಿಗೆ ಹಾಕಿದಳು.

"ಇಟ್ಕೋ ಮುತ್ಯಾ," ಅಂದಳು. "ನೀ ವಾಲಿಗೀಲಿ ಮತ್ತ."